ಕಾಕಾನ ಗಿಟಾರು, ನನ್ನ ಒಂದೇ ಸೂರು

ಅವರ ಬಲಗೈಯ ತೋರುಬೆರಳಿನ ಹಿಂಬದಿ ಸುಟ್ಟು, ಮಾಗಿ, ಮತ್ತೆ ಸುಟ್ಟು ಕಪ್ಪಗೆ ಹೊಳೆಯುತ್ತಿತ್ತು. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ನೋಡಲು ಅವರು ಬೆರಳಿನ ಆ ಹಿಂಬದಿಯನ್ನೇ ತಾಗಿಸುತ್ತಿದ್ದರು. "ಮುಂದಿಂದ ಮುಟ್ಟಿದ್ರ ಕೈ ತಂತೀನ ಹಿಡಕೊಂಡ ಬಿಡತೈತ್ರಿ ಮಾಸ್ತರ್ರ. ಹಿಂದಿಂದ ಮುಟ್ಟಿದ್ರ ಒಗದ ಬಿಡತೈತಿ. ಇಷ್ಟ ನೋಡ್ರಿ ನಮ್ಮ ವಿದ್ಯಾ" ಎನ್ನುತ್ತಿದ್ದರು. ಹೇಳಿ ನಗುತ್ತಿದ್ದರು.

ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಅವರು ವಾಯರಮನ್. ನಾನು ಗಿರಣಿ ಕೂಲಿಕಾರರ ಮಕ್ಕಳು ಬರುವ ಸಾಲಿಗೆ ಹೊಸದಾಗಿ ಬಂದ ಮಾಸ್ತರ. ವಯಸ್ಸು ಇಪ್ಪತ್ತಮೂರು, ಮೀಸೆಗಿಂತ ಜಂಬವೇ ದಪ್ಪ. ಅವರಿಗೆ ನಲವತ್ತರ ಮೇಲಾಗಿತ್ತು. ನಾನು ಅವರನ್ನು ವಾಯರಮನ್ ಕಾಕಾ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಮಾಸ್ತರ್ರ ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಅಷ್ಟು ಹಿರಿಯರು ನನಗೆ 'ರಿ' ಹಚ್ಚುವುದು ಸರಿಯಲ್ಲ ಎಂದು ನನಗೆ ಒಂದು ದಿನವೂ ಅನಿಸಲಿಲ್ಲ ನೋಡಿ. ಈಗ ಅನಿಸುತ್ತದೆ, ಅನಿಸಿ ಏನು ಬಂತು!

ಸಾಲಿಗೆ ಎರಡು ದೀಪ ಹಾಕಲು ಬಂದಾಗ ನಾನು ಹಾರ್ಮೋನಿಯಂ ಬಾರಿಸುತ್ತ ಕೂತಿದ್ದೆ. ಅವರು ಏಣಿ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. "ಒಳಗ ಬರ್ರಿ" ಎಂದೆ. ಬರಲಿಲ್ಲ. ಮತ್ತೆ ಕರೆದೆ. ಮೂರನೇ ಸಲಕ್ಕೆ ಒಳಗೆ ಬಂದು ಗೋಡೆಗೆ ಆತುಕೊಂಡು ಕೂತು, ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ನಡುವ ಒಂದ ಕಡೆ ದನಿ ಜಾರ್ತು, ಅಲ್ರಿ?" ಎಂದರು. ಖರೆ ಜಾರಿತ್ತು. ಎಲಾ, ಕಂಬ ಹತ್ತುವ ಮನುಷ್ಯನಿಗೆ ಎಂಥ ಕಿವಿ ಅಂದುಕೊಂಡೆ.

ಅವರ ಊರು ಮೂಡಲಗಿ ಕಡೆಯ ಮಸಗುಪ್ಪಿ. ಅವರ ಅಪ್ಪ ಊರಿಗೆ ಹಲಗಿ ಬಾರಿಸುವವರು. ಯಾರ ಮನೆಯಲ್ಲಿ ಹೆಣ ಬಿದ್ದರೂ, ಯಾರ ಮನೆಯ ಮೆರವಣಿಗೆ ಹೊರಟರೂ ಮುಂದೆ ಹಲಗಿ ಹೋಗಬೇಕು, ಬಾರಿಸಿದವರು ಹೊರಗೆ ನಿಂತು ರೊಟ್ಟಿ ಇಸಕೊಳ್ಳಬೇಕು. "ಹಲಗಿ ದನಿ ಕೇಳಿದ್ರ ಮಂದಿಗೆ ಹಬ್ಬ ನೆನಪಾಗತೈತ್ರಿ. ನನಗ ನಮ್ಮಪ್ಪ ಉಡಿ ಒಡ್ಡಿ ನಿಂತದ್ದ ನೆನಪಾಗತೈತಿ" ಎಂದಿದ್ದರು ಒಮ್ಮೆ. ಹದಿನೈದನೇ ವಯಸ್ಸಿಗೆ ಊರು ಬಿಟ್ಟು ಗಿರಣಿ ಸೇರಿದವರು ಹಲಗಿಯನ್ನು ಮತ್ತೆ ಮುಟ್ಟಿರಲಿಲ್ಲ. ನನಗೆ ಪರಿಚಯವಾಗುವ ಹೊತ್ತಿಗೆ ಬೌದ್ಧ ಧರ್ಮಕ್ಕೂ ಸೇರಿದ್ದರು. ಅಪ್ಪನಿಗೆ ಹಲಗಿ ಕೆಳಗಿಡು ಎಂದು ಹೇಳಿ ಹೇಳಿ ಸೋತಿದ್ದರು. ಮುದುಕ ಕಡೆಗೊಮ್ಮೆ ಸಿಟ್ಟಿಗೆದ್ದು ಅಂದಿದ್ದನಂತೆ: "ನೀ ಮ್ಯಾಲ ಕುಂತು ಬಾರಸೂದನ್ನ, ಊರ ಮಂದಿ ಕೆಳಗ ಕುಂತು ಕೇಳೂದನ್ನ ನಾ ಕಣ್ಣಿಂದ ನೋಡಬೇಕು. ಅವತ್ತ ಬಿಡ್ತೀನಿ. ಅಲ್ಲೀತನಾ ನನ್ನ ತಂಟೆಕ್ಕ ಬರಬ್ಯಾಡ."

ಕಾಕಾ ಆ ಮಾತನ್ನು ಹಿಡಿದುಬಿಟ್ಟರು.

ಆದರೆ ಬಾರಿಸುವುದು ಏನನ್ನು? ಹಾರ್ಮೋನಿಯಂ ಕಲಿಸಿಕೊಡುತ್ತೇನೆ ಎಂದೆ, ಒಲ್ಲೆ ಎಂದರು. ಸಿತಾರು ಎಂದೆ, ಅದಕ್ಕೂ ಒಲ್ಲೆ. ಅವರು ರೇಡಿಯೋದಲ್ಲಿ ಗಿಟಾರು ಕೇಳಿದ್ದರು, ತೊಡೆಯ ಮೇಲೆ ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ಸಳಿ ಜಾರಿಸಿ ನುಡಿಸುವ ಗಿಟಾರು. "ಇದನ್ನ ನಮ್ಮ ಕಡೆ ಯಾರ ಅಜ್ಜನೂ ಬಾರಿಸಿಲ್ರಿ. ನೀ ಮುಟ್ಟಬ್ಯಾಡ ಅನ್ನಾಕ ಯಾರಿಗೂ ಹಕ್ಕಿಲ್ಲ, ನೀನ ಬಾರಿಸಬೇಕು ಅನ್ನಾಕೂ ಹಕ್ಕಿಲ್ಲ" ಎಂದರು. ನನಗೆ ಆಗ ಆ ಮಾತಿನ ಆಳ ತಿಳಿಯಲಿಲ್ಲ. ಹುಚ್ಚು ಹಿಡಿದಿದೆ ಎಂದುಕೊಂಡು ನಕ್ಕೆ.

ಎಂಟು ವರ್ಷದ ಬೋನಸ್ಸನ್ನು ಮುಟ್ಟದೇ ಇಟ್ಟಿದ್ದರಂತೆ. ಒಂದು ರಜೆಯಲ್ಲಿ ಇಬ್ಬರೂ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿ ಮುಟ್ಟಿದೆವು. ಅಂಗಡಿಯವನು ಬಿಳಿ ಮೀಸೆಯ ಗೋವಾದ ಮುದುಕ. ನಮ್ಮ ಧೋತರ, ಟೊಪ್ಪಿಗೆ ನೋಡಿ ಅಗ್ಗದ್ದೊಂದನ್ನು ಮುಂದಿಟ್ಟ. ಕಾಕಾ ಫ್ಯಾನ್ ಬಂದ್ ಮಾಡಲು ಕೇಳಿಕೊಂಡರು. ಆಮೇಲೆ ಒಂದೊಂದನ್ನೇ ಎತ್ತಿ, ಬೆರಳ ಗೆಣ್ಣಿನಿಂದ ಕಟ್ಟಿಗೆ ತಟ್ಟಿ, ಕಿವಿ ಹಚ್ಚಿ ಕೇಳುತ್ತ ಹೋದರು. ಅರ್ಧ ತಾಸಾಯಿತು. ನನಗೆ ನಾಚಿಕೆ. ಕಡೆಗೆ ಮೇಲಿನ ಗಾಜಿನ ಕಪಾಟಿನತ್ತ ಬೆರಳು ತೋರಿಸಿದರು. ಅದು ಪರದೇಶದ್ದು. ತಂತಿಯ ನಡುಕವನ್ನು ಕರೆಂಟಿಗೆ ತಿರುಗಿಸುವ ಸುರುಳಿಯನ್ನು ಮಾಡಿದವರೇ ಅದರ ಹೊಟ್ಟೆಯೊಳಗೆ ಕೂಡಿಸಿದ್ದರು. ಮುದುಕ ತಗೊಳ್ಳುವವರೇ ಇವರು ಎಂದು ನಂಬದೆ ಬೆಲೆಯನ್ನು ಎರಡು ಸಲ ಹೇಳಿದ. ಕಾಕಾ ಎರಡೂ ಸಲ ಹೂಂ ಎಂದರು.

ಮುದುಕ ತಾನೇ ತಂತಿ ಬಿಗಿದು ಸೂರು, ಅಂದರೆ ಶ್ರುತಿ, ಹೊಂದಿಸಿಕೊಟ್ಟ, ನನ್ನ ಲೆಕ್ಕದಲ್ಲಿ ಹಾರ್ಮೋನಿಯಮ್ಮಿನ ಎರಡನೇ ಬಿಳಿ ಮನೆ. ಕೊಡುವಾಗ ನಮ್ಮಿಬ್ಬರ ಮುಖವನ್ನೂ ನೋಡಿ ಒಂದು ಮಾತು ಹೇಳಿದ: ಇದಕ್ಕಿಂತ ಮೇಲೆ ಬಿಗಿಯಬೇಡಿ, ಮೈ ಹಗುರ, ತಂತಿ ಕಟ್ಟಿದ ಈ ಅಡ್ಡಪಟ್ಟಿ, ಕುದುರೆ, ಕಿತ್ತು ಬರುತ್ತದೆ. ನಾನೂ ಕೇಳಿಸಿಕೊಂಡೆ. ಎರಡೂ ಕಿವಿಯಿಂದ ಕೇಳಿಸಿಕೊಂಡೆ.

ತಿರುಗಿ ಬರುವಾಗ ರೈಲಿನಲ್ಲಿ ಸಿಕ್ಕ ಒಂದೇ ಜಾಗವನ್ನು ಕಾಕಾ ಗಿಟಾರಿಗೆ ಕೊಟ್ಟು, ತಾವು ಬಾಜೂಕ ನಿಂತುಕೊಂಡೇ ಬಂದರು.

ಆಮೇಲಿನ ಕೆಲಸ ನೋಡಬೇಕಿತ್ತು! ಸಳಿ ಜಾರಿಸಲು ತಂತಿ ಕಟ್ಟಿಗೆಯಿಂದ ಎತ್ತರ ಇರಬೇಕು. ಹಿತ್ತಾಳೆಯ ತುಂಡೊಂದನ್ನು ಅರದಿಂದ ತಿಕ್ಕಿ ತಿಕ್ಕಿ ತಂತಿಗಳ ಕೆಳಗೆ ಕೂಡಿಸಿದರು. ಸಂದು ಅಳೆಯಲು ಅವರ ಹತ್ತಿರ ಇದ್ದದ್ದು ಗಡ್ಡ ಹೆರೆದು ಒಗೆಯುವ ಹಳೇ ಬ್ಲೇಡುಗಳು. ಒಂದರ ಮೇಲೊಂದು ಇಟ್ಟು ತಂತಿಯ ಕೆಳಗೆ ತೂರಿಸುವುದು, ತೆಗೆಯುವುದು, ಮತ್ತೆ ತಿಕ್ಕುವುದು. "ಈ ತಂತಿಗಿ ಒಂದ ಬ್ಲೇಡ್ ಹೆಚ್ಚಾತ್ರಿ" ಎನ್ನುವರು. ನನಗೆ ಬ್ಲೇಡಿನಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಗಿಟಾರಿನ ವಾಯರನ್ನು ತಮ್ಮ ರೇಡಿಯೋದ ಹಿಂದೆ, ಗ್ರಾಮಫೋನು ಜೋಡಿಸುವ ತೂತಿಗೆ ಹಾಕಿದರು. ಮೊದಲ ಸಲ ತಂತಿ ಮೀಟಿದಾಗ ದನಿ ರೇಡಿಯೋದೊಳಗಿಂದ ಬಂತು. ಅವರ ಹೆಂಡತಿ ಕಾಕೂ ಒಲೆಯ ಮುಂದಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು, "ಏನ್ರಿ, ರೇಡಿಯೋದಾಗ ನೀವ ಬಂದ್ರೇನು?" ಎಂದರು. ಆ ಮನುಷ್ಯ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ರವಿವಾರ ರವಿವಾರ ಅವರ ಮನೆಗೆ ಹೋಗಿ ಬಾಯಿಂದ ಹಾಡಿ ತೋರಿಸುತ್ತಿದ್ದೆ. ಅವರು ಒಮ್ಮೆ ಕೇಳಿ ಎತ್ತಿಕೊಳ್ಳುತ್ತಿದ್ದರು. ಭೀಮಪಲಾಸ ಅವರ ಕೈಯಲ್ಲಿ ಎಷ್ಟು ಚಲೋ ಆಗುತ್ತಿತ್ತೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇದನ್ನು ಬರೆಯದೆ ಬಿಟ್ಟರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಅವರ ಮನೆಯಲ್ಲಿ ಚಹಾ ಕುಡಿಯುತ್ತೇನೆ ಎಂಬುದನ್ನೇ ನಾನು ದೊಡ್ಡ ಉಪಕಾರ ಎಂದು ತಿಳಿದಿದ್ದೆ. ಬಸವಣ್ಣನ ವಚನ ಬಾಯಿಪಾಠ ಮಾಡಿದ ಮನೆಯವನು ನಾನು! ಥೂ.

ಹುಕ್ಕೇರಿಯಲ್ಲಿ ವ್ಯಾಪಾರಸ್ಥರು ಸೇರಿ ಒಂದು ಸಂಗೀತ ಸಭೆ ಇಟ್ಟರು. ನಡೆಸುವ ಹಿರಿಯರು ನಮ್ಮ ಬೆಲ್ಲದ ಬಾಗೇವಾಡಿಯ ಮನೆಗೆ ಬೇಕಾದವರು. ಕಾಕಾನ ವಿಷಯ ಎತ್ತಿದೆ. ಅವರು ಹಲ್ಲು ಕಚ್ಚಿ, "ನೀ ಬಾಜೂಕ ಪೇಟಿ ಹಿಡಕೊಂಡು ಕುಂತಿ ಅಂದ್ರ ಆಗ್ಲಿ" ಎಂದರು. ಪೇಟಿ ಅಂದರೆ ಹಾರ್ಮೋನಿಯಂ. ನಾನು ಕುಣಿಯುತ್ತ ಬಂದು ಹೇಳಿದೆ. ಕಾಕಾ ಮರುದಿನವೇ ಮಸಗುಪ್ಪಿಗೆ ಹೋಗಿ ಅಪ್ಪನಿಗೆ ತಿಳಿಸಿ ಬಂದರು.

ಈಗ ನನ್ನ ಸಂಗತಿ. ನನಗೆ ಪೇಟಿ ಕಲಿಸಿದವರು ಒಂದು ನಾಟಕ ಕಂಪನಿಯವರು. ಅಲ್ಲಿ ಎಲ್ಲ ಪದಗಳೂ ನಾಲ್ಕನೇ ಬಿಳಿ ಮನೆಯಿಂದ. ನಾನು ಕಲಿತದ್ದು ಆ ಒಂದೇ ಸೂರು. ಬೇರೆ ಮನೆಯಿಂದ ಹಿಡಿದರೆ ಬೆರಳು ತೊಡರಿ ಬೀಳುತ್ತಿದ್ದವು. ಗಿಟಾರು ಎರಡನೇ ಮನೆಯಲ್ಲಿತ್ತು. ನಾನು ಕೆಳಗಿಳಿಯಬೇಕು, ಇಲ್ಲವೇ ಅವರು ಕರಿ-ಬಿಳಿ ಸೇರಿ ಮೂರು ಮನೆ ಮೇಲೇರಬೇಕು. ಎರಡು ತಿಂಗಳಿತ್ತು, ಕೂತು ಕಲಿತಿದ್ದರೆ ಬರುತ್ತಿತ್ತು. ಕಲಿಯಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. "ಕಾಕಾ, ಸಭಾದಾಗ ಇಷ್ಟ ಕೆಳಗಿನ ಸೂರು ನಡ್ಯಾಂಗಿಲ್ಲ. ಮ್ಯಾಲ ಬಿಗೀರಿ" ಎಂದೆ.

"ಅಂಗಡ್ಯಾಂವ ಬ್ಯಾಡ ಅಂದಾನಲ್ರಿ ಮಾಸ್ತರ್ರ."

"ಅಂಗಡ್ಯಾಂವಗ ನಮ್ಮ ಸಂಗೀತ ಏನ ಗೊತ್ತು? ಇದರಾಗ ನಿಮಗಿಂತ ನನಗ ಹೆಚ್ಚ ತಿಳಿತೈತಿ."

ಕರೆಂಟಿನ ವಿಷಯದಲ್ಲಿ ಮ್ಯಾನೇಜರನ ಮಾತನ್ನೂ ಕೇಳದ ಮನುಷ್ಯ ಅವರು. ನನ್ನ ಮಾತಿಗೆ ತಲೆ ಬಾಗಿಸಿ ಗೂಟ ತಿರುಗಿಸಿದರು. ಒಂದೊಂದು ಸುತ್ತಿಗೂ ಕಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು.

ಸಭೆ ಬ್ಯಾಸಿಗೆಯ ಮಧ್ಯಾಹ್ನ, ತಗಡಿನ ಚಪ್ಪರ, ಒಳಗೆ ಕುದಿ. ಕಾಕಾನ ಅಪ್ಪ ತೊಳೆದ ಧೋತರ ಉಟ್ಟುಕೊಂಡು ಮಸಗುಪ್ಪಿಯಿಂದ ಬಂದಿದ್ದ. ಬಂದವನು ರೂಢಿಯಂತೆ ಹೊರಗೆ, ಚಪ್ಪಲಿ ಬಿಟ್ಟ ಕಡೆ ಕೂತಿದ್ದ. ಕಾಕಾ ವೇದಿಕೆಯಿಂದ ಇಳಿದು ಹೋಗಿ ಅಪ್ಪನ ಕೈ ಹಿಡಿದು, ಮಂದಿಯ ನಡುವೆ ನಡೆಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂಡಿಸಿದರು. ಒಂದಿಬ್ಬರು ಸರಿದು ಕೂತರು. ಮುದುಕ ಮೊಳಕಾಲು ಅಪ್ಪಿಕೊಂಡು ಮಗನನ್ನೇ ನೋಡುತ್ತಿದ್ದ.

ಐದು ನಿಮಿಷ, ಹೆಚ್ಚೆಂದರೆ ಏಳು. ಭೀಮಪಲಾಸದ ದನಿ ಲೌಡ್ ಸ್ಪೀಕರಿನ ಕರ್ಣ್ಯಾದಿಂದ ಹೊರಬಿದ್ದು ಇಡೀ ಚಪ್ಪರ ಗಪ್ಪಾಯಿತು. ಎಲೆ ಅಡಿಕೆ ಜಗಿಯುವ ಬಾಯಿಗಳೂ ನಿಂತವು. ಮುದುಕನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಶಿವನೇ, ಅಲ್ಲಿಗೇ ಮುಗಿಸಿ ಏಳಬಾರದಿತ್ತೇ!

ಕುದುರೆ ಕಿತ್ತು ಬಂತು. ಬರುವಾಗ ಮೈಯ ಕಟ್ಟಿಗೆಯನ್ನು ಸಿಗಿದುಕೊಂಡೇ ಬಂತು. ಒಳಗಿನ ಸುರುಳಿ ಆ ಸಪ್ಪಳವನ್ನು ಹಿಡಿದು ಕರ್ಣ್ಯಾಕ್ಕೆ ಕೊಟ್ಟಿತು. ಢಮ್ಮೆಂದಿತು, ಕೂಸುಗಳು ಬೆಚ್ಚಿ ಅತ್ತವು. ಆಮೇಲೆ ಹಿಂದಿನಿಂದ ಯಾರೋ, "ಏನ ತಂದ್ರೇನಪಾ, ಕಡೀಕ ಹಲಗಿ ದನೀನ ಬಂತ ನೋಡ" ಎಂದ. ಚಪ್ಪರಕ್ಕೆ ಚಪ್ಪರವೇ ನಕ್ಕಿತು.

ಮುದುಕ ಎದ್ದ. ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಹಿರಿಯರು ನನಗೆ ಕೈಸನ್ನೆ ಮಾಡಿದರು, ನಡೆಸು ಎಂದು. ನಾನು ಏನು ಮಾಡಿದೆ ಕೇಳಿ. ಪೇಟಿ ಮುಂದಕ್ಕೆಳೆದುಕೊಂಡು ನನಗೆ ಬರುವ ನಾಲ್ಕನೇ ಮನೆಯಿಂದ ಒಂದು ನಾಟಕದ ಪದ ಬಾರಿಸಿದೆ. ಜನ ಚಪ್ಪಾಳೆ ತಟ್ಟಿದರು. ಬಾಜೂಕ ಕಾಕಾ ಹರಿದ ತಂತಿ ಸುತ್ತಿ, ಕಟ್ಟಿಗೆಯ ಸಿಬರುಗಳನ್ನು ಒಂದೊಂದಾಗಿ ಆರಿಸಿ ಟೊಪ್ಪಿಗೆಯಲ್ಲಿ ಹಾಕಿಕೊಳ್ಳುತ್ತಿದ್ದರು.

ತಿರುಗಿ ಬರುವ ಬಸ್ಸಿನಲ್ಲಿ ಅವರೇ ಮೊದಲು ಮಾತಾಡಿದರು. "ನಿಮ್ಮ ಮರ್ಯಾದಿ ಕಳದ್ನಿ ಮಾಸ್ತರ್ರ. ನಾನ ಎಲ್ಲೋ ಬಿಗಿಯಾಕ ತಪ್ಪಿರಬೇಕು. ಸಿಟ್ಟಾಗಬ್ಯಾಡ್ರಿ." ಆಗಲಾದರೂ ಬಾಯಿ ಬಿಡಬಹುದಿತ್ತು. ಬೆಲ್ಲದ ಬಾಗೇವಾಡಿ ಬಂತು. ಅವ್ವ ಕಾಯುತ್ತಿರುತ್ತಾಳೆ ಎಂದು ಸುಳ್ಳು ಹೇಳಿ ಇಳಿದುಬಿಟ್ಟೆ. ಅವರೊಬ್ಬರೇ ಹೋದರು.

ಗಿಟಾರು ಮತ್ತೆ ಆಗಲಿಲ್ಲ. ಬಡಿಗ ಸರಸು ಹಾಕಿ ಅಂಟಿಸಿದ, ದನಿ ಸತ್ತಿತ್ತು. ಮುಂಬಯಿಗೆ ಬರೆದರೆ ಮೈಯನ್ನೇ ಹೊಸದು ಮಾಡಬೇಕು, ಅದು ಇಲ್ಲಿ ಸಾಧ್ಯವಿಲ್ಲ ಎಂದು ಉತ್ತರ ಬಂತು. ಮುದುಕ ಊರಿಗೆ ಹೋಗಿ ಮರುವಾರವೇ ಯಾರದೋ ಹೆಣದ ಮುಂದೆ ಹಲಗಿ ಬಾರಿಸಿದ. ಸಾಯುವ ತನಕ ಬಾರಿಸಿದ. ಮಗ ಮತ್ತೆ ಬಿಡು ಎನ್ನಲಿಲ್ಲ. ನಾನು ರವಿವಾರ ಹೋಗುವುದನ್ನು ಕಡಿಮೆ ಮಾಡುತ್ತ ಬಂದೆ, ಆಮೇಲೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡೆ.

ನಾಲ್ಕು ವರ್ಷದ ಮೇಲೆ ಅವರಿಗೆ ಕಾಮಣಿಯಾಗಿ ಹಾಸಿಗೆ ಹಿಡಿದಿದ್ದಾರೆಂದು ಕಾಕೂ ಹೇಳಿಕಳಿಸಿದರು. ಹೋದೆ. ಕಣ್ಣು, ಉಗುರು ಎಲ್ಲ ಅರಿಷಿಣ. ನನ್ನನ್ನು ನೋಡಿ ಎದ್ದು ಕೂಡಲು ಹವಣಿಸಿದರು. "ಮಾಸ್ತರ್ರ, ಬರ್ರಿ" ಎಂದರು. ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ನನಗೆ ಒಂದೇ ಸೂರು ಬರುತ್ತಿತ್ತು, ಅದನ್ನು ಮುಚ್ಚಿಡಲು ನಿಮ್ಮಿಂದ ಬಿಗಿಸಿದೆ, ತಪ್ಪು ನಿಮ್ಮದಲ್ಲ ಎಂದೆ. ಹೇಳುವಾಗ ಅತ್ತೆ. ಬೈಯಲಿ, ಉಗುಳಲಿ ಎಂದು ಕಾದೆ.

"ಗೊತ್ತಿತ್ರಿ" ಎಂದರು. "ನಿಮಗ ಒಂದ ಸೂರು ಬರತೈತಿ ಅಂತ ಸಾಲ್ಯಾಗ ಕೇಳಿದ್ನಲ್ಲ, ಅವತ್ತ ಗೊತ್ತಾಗಿತ್ತು. ಬಿಗಿದ್ರ ಕೀಳತೈತಿ ಅನ್ನೂದೂ ಗೊತ್ತಿತ್ತು."

"ಮತ್ಯಾಕ ಬಿಗಿದ್ರಿ ಕಾಕಾ?"

"ಬ್ಯಾಡ ಅಂದಿದ್ರ ನೀವು ಬರೂದ ಬಿಡ್ತಿದ್ರಿ. ನನ್ನ ಬಾಜೂಕ ಕುಂತು ಬಾರಸಾಕ ಒಪ್ಪಿದಾವ್ರು ಈ ಸೀಮ್ಯಾಗ ನೀವ ಒಬ್ರ ಇದ್ರಿ."

ಮೂರನೇ ದಿನ ತೀರಿಕೊಂಡರು. ನಾನು ಅಲ್ಲಿರಲಿಲ್ಲ. ಮಾತು ಕೇಳಿಸಿಕೊಂಡ ಮೇಲೆ ಆ ಮನೆಯಲ್ಲಿ ಕೂಡಲು ನನ್ನಿಂದ ಆಗಿರಲಿಲ್ಲ, ಅಂದೇ ಬಸ್ಸು ಹತ್ತಿ ಹೊರಟುಬಿಟ್ಟಿದ್ದೆ.