ಹಸಿರು ದೀಪ ಹತ್ತಿದಾಗ

“ಸಾರ್, ಲೈನ್ ಬಂದ್ ಆತೇನ್ರಿ? ಕಂಬ ಏರ್ಲೇನ್ರಿ?” ಎಂದು ಕುರುಗೋಡಿನಿಂದ ಲೈನ್‌ಮನ್ ಫೋನಿನಲ್ಲಿ ಕೇಳುತ್ತಿದ್ದ. ನನ್ನ ಕಿರಿಯ ಸಹೋದ್ಯೋಗಿ ಬಸವರಾಜ ಆಗಷ್ಟೇ ಹೊಸ ಪ್ಯಾನೆಲ್ಲಿನ ಸ್ವಿಚ್ ತಿರುವಿದ್ದ. ಲೈನ್ ಬಂದ್ ಆಗಿದೆ ಎನ್ನುವ ಹಸಿರು ದೀಪವೂ ಹತ್ತಿತ್ತು. ಆದರೆ ಹೊರಗೆ ಅಂಗಳದಲ್ಲಿ ಕರೆಂಟು ಕಡಿಯುವ ಬ್ರೇಕರ್ ಬಿಚ್ಚಿಕೊಳ್ಳುವಾಗ ಕೇಳಬೇಕಿದ್ದ ‘ಧಡ್’ ಸದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

ಅದು ಎಂಬತ್ತರ ದಶಕದ ಆರಂಭ. ಬಳ್ಳಾರಿಯ ವಿದ್ಯುತ್ ಕೇಂದ್ರವೊಂದರಲ್ಲಿ ನಾನು ಹದಿನಾರು ವರ್ಷ ಹೊರಗೆ ಹೋಗಿ ಬ್ರೇಕರುಗಳನ್ನು ಕೈಯಿಂದಲೇ ಎಳೆದವನು. ಕಂಟ್ರೋಲ್ ರೂಮಿಗೆ ಹೊಸ ಪ್ಯಾನೆಲ್ ಬಂದಾಗ ತರಬೇತಿಗೆ ಕಳಿಸಿದ್ದು ನನ್ನನ್ನಲ್ಲ, ನಾನೇ ಕೆಲಸ ಕಲಿಸಿದ್ದ ಬಸವರಾಜನನ್ನು. ಅವನು ಕುರ್ಚಿಯಲ್ಲಿ ಕೂತೇ ಸಿರುಗುಪ್ಪ, ಕುರುಗೋಡಿನ ಲೈನುಗಳನ್ನು ಆಡಿಸುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಅವತ್ತು ಸದ್ದು ಕೇಳದಿದ್ದರೂ ನಾನು ಬಾಯಿ ಬಿಡಲಿಲ್ಲ. ಇವನೂ ಒಮ್ಮೆ ತಪ್ಪಲಿ, ನಮ್ಮ ಎಂಜಿನಿಯರ್ ಸಾಹೇಬರು ನೋಡಲಿ ಎಂದುಕೊಂಡೆ.

“ಬಂದ್ ಆಗೈತಿ, ಏರು...” ಎಂದು ಬಸವರಾಜ ಹೇಳುತ್ತಿದ್ದಂತೆ ಕಂಬದ ಮೇಲಿನ ಮನುಷ್ಯ ನನ್ನ ಕಣ್ಣಿಗೆ ಕಟ್ಟಿದ. ಫೋನ್ ಕಸಿದುಕೊಂಡು, “ಏರಬ್ಯಾಡಲೇ! ಲೈನ್ ಚಾಲೂ ಐತಿ!” ಎಂದು ಚೀರಿದೆ. ಹೋಗಿ ನೋಡಿದರೆ ಬ್ರೇಕರ್ ಬಿಚ್ಚಿಕೊಂಡಿರಲೇ ಇಲ್ಲ. ದೀಪದ ವೈರು ಬ್ರೇಕರಿಗೆ ಸೇರುವ ಬದಲು ಸ್ವಿಚ್ಚಿಗೇ ಸೇರಿತ್ತು.

ಬಸವರಾಜ ನನ್ನ ಕೈ ಹಿಡಿದು, “ಅಣ್ಣಾ, ನೀವು ಇರದಿದ್ರ ಇವತ್ತು ಒಂದು ಜೀವ ಹೋಗ್ತಿತ್ರಿ” ಎಂದು ಕಣ್ಣೀರು ಹಾಕಿದ. ಸಾಹೇಬರೆದುರೂ ಅದನ್ನೇ ಹೇಳಿದ.

ಮುಂದೆ ನನಗೂ ತರಬೇತಿ ಸಿಕ್ಕಿತು, ಹೊಟ್ಟೆಕಿಚ್ಚೂ ಇಳಿಯಿತು. ಆದರೆ ಮೊದಲು ಗೊತ್ತಿದ್ದೂ ಸುಮ್ಮನಿದ್ದೆ ಎಂದು ಬಸವರಾಜನಿಗೆ ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.