ಕೇಳಿ ತಂದ ಸಿಂಹಾಸನ

ಥರ್ಮಾಕೋಲ್ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಸ ಟಿವಿ ಕೊಂಡವರ ಮನೆ ಮುಂದೆ ಅದರ ಬಿಳಿ ಚೂರು ಬಿದ್ದಿದ್ದರೆ ಮುಖ ತಿರುಗಿಸಿಕೊಂಡು ಹೋಗುತ್ತೇನೆ. "ಮಾಸ್ತರಗ ತಲಿ ಕೆಟ್ಟೈತಿ" ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಬೀಳಗಿ ತಾಲೂಕಿನಲ್ಲಿ ಹೊಳೆದಂಡೆಗಿದ್ದ ನಮ್ಮ ಊರಿಗೆ ಒಂದು ನಾಟಕ ಸಂಘವಿತ್ತು. ಶಾಲೆಯ ಮಾಸ್ತರನಾದ ನನಗೆ ಪಾತ್ರ ಮಾಡಲು ಬರುತ್ತಿರಲಿಲ್ಲ. ಹಾಗಾಗಿ ಸಾಮಾನು ಜೋಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಸಂಘಕ್ಕೆ ಒಂದು ಹಾರ್ಮೋನಿಯಂ ಬಿಟ್ಟರೆ ಸ್ವಂತದ್ದು ಅಂತ ಏನೂ ಇರಲಿಲ್ಲ. ಹಣಮಪ್ಪನ ಗುಡಿಯ ಕಟ್ಟೆಯೇ ರಂಗ. ಪರದೆಗೆ ಬನಹಟ್ಟಿ ಸೀರೆಗಳು, ಅರಮನೆಗೆ ಯಾರದೋ ಮನೆಯ ಜಮಖಾನೆ, ನಾಟಕದಲ್ಲಿ ಕೂಸು ಇದ್ದರೆ ಬಾಣಂತಿಯ ಮನೆಯ ತೊಟ್ಟಿಲು. ಎಲ್ಲವೂ ಕೇಳಿ ತಂದದ್ದು. ರಾಜ ಮಾತ್ರ ಪ್ರತಿ ವರ್ಷವೂ ಗೌಡರ ಮನೆಯ ತೇಗದ ಕುರ್ಚಿಯ ಮೇಲೆಯೇ ಕೂರುತ್ತಿದ್ದ.

ನಾಟಕದ ಮರುದಿನ ನಾನು ಕಟ್ಟೆಯ ಮೇಲೆ ನಿಂತು ಒಂದೊಂದೇ ಸಾಮಾನು ಎತ್ತಿ ಹಿಡಿದು, "ಇದ್ಯಾರ ಮನೀದು?" ಎಂದು ಕೂಗಬೇಕು. "ನಮ್ಮನೀದ್ರೀ" ಎಂದವರು ಬಂದು ಒಯ್ಯಬೇಕು. ಸೀರೆಗೆ ಎಣ್ಣೆಯ ಕಲೆ ಬಿದ್ದಿದ್ದರೆ ನಾನು ಅಲ್ಲೇ ಬೈಸಿಕೊಳ್ಳಬೇಕು. ಗೌಡರ ಹೆಂಡತಿ ಗೌಡಸಾನಿ ಕೊನೆಯವರೆಗೂ ಕಾಯುತ್ತಿದ್ದರು. ಕುರ್ಚಿ ಅವರದೆಂದು ಊರಿಗೆಲ್ಲ ಗೊತ್ತು. ಆದರೂ ನಾನು ಕೇಳಲೇಬೇಕು, ಅವರು ನಗುತ್ತ "ನಮ್ಮನೀದು" ಎನ್ನಲೇಬೇಕು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲೆ ಕಸಬರಿಗೆ ಆಡಿಸಿದರೆ ಒಂದು ಹಿಡಿ ಕಡಲೆಕಾಯಿ ಸಿಪ್ಪೆ ಸಿಗುತ್ತಿತ್ತು. ಅದನ್ನೂ ಆಡು ತಿನ್ನುತ್ತಿದ್ದವು.

ಅಣೆಕಟ್ಟಿನ ನೀರು ಬಂತು. ಊರು ಮುಳುಗಿತು. ನಾವು ಪುನರ್ವಸತಿ ಕೇಂದ್ರಕ್ಕೆ ಬಂದೆವು, ಗೌಡರ ಮನೆಯವರು ಮಗನ ನೌಕರಿಯಿದ್ದ ಜಮಖಂಡಿಗೆ ಹೋದರು. ಸಂಘವೇನೋ ನಮ್ಮ ಜೊತೆ ಬಂತು, ನೆರೆಹೊರೆ ಬರಲಿಲ್ಲ. ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವರು ಎಲ್ಲೆಲ್ಲೋ ಪ್ಲಾಟು ಸಿಕ್ಕು ಚದುರಿದ್ದರು. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದಿರುವಾಗ ತೊಟ್ಟಿಲು ಕೇಳುವುದು ಹೇಗೆ? ಹಾಗಾಗಿ ಅರಮನೆ ಫ್ಲೆಕ್ಸಿನದಾಯಿತು, ಸಿಂಹಾಸನ ಥರ್ಮಾಕೋಲಿನದಾಯಿತು. ನಾಟಕ ಮುಗಿದ ಮೇಲೆ ಇವೆಲ್ಲ ಪ್ಲಾಸ್ಟಿಕ್ ಕಪ್ಪುಗಳ ಜೊತೆ ಹಳ್ಳಕ್ಕೆ ಬೀಳುತ್ತಿದ್ದವು. ಮೊದಲ ಮಳೆಗೆ ಹಳ್ಳ ಅವನ್ನು ಹಿನ್ನೀರಿಗೆ ಒಯ್ಯುತ್ತಿತ್ತು. ಅಂದರೆ ನಮ್ಮ ಹಳೆಯ ಊರಿನ ಮೇಲಕ್ಕೆ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟೆ. "ಈ ವರ್ಷ ಹಳ್ಳಕ್ಕ ಒಗಿಯೂ ಸಾಮಾನು ಒಂದೂ ತರೂದು ಬ್ಯಾಡ. ಮೊದಲಿನಂಗ ಕೇಳಿ ತರೂಣು."

ಗೊಬ್ಬರದಂಗಡಿ ಇಟ್ಟಿದ್ದ ಕಾರ್ಯದರ್ಶಿ ನಕ್ಕ. "ಯಾರ್ನ ಕೇಳ್ತೀರಿ ಮಾಸ್ತರ? ಎಲ್ಲಾರ ಮನ್ಯಾಗೂ ಪ್ಲಾಸ್ಟಿಕ್ ಕುರ್ಚಿ ಅದಾವು. ರಾಜನ್ನ ಅದರ ಮ್ಯಾಲ ಕುಂಡ್ರಸೂಣೇನು?"

"ಗೌಡರ ಕುರ್ಚಿ ತರ್ತೇನಿ."

"ತರ್ರಿ. ಬಂದ್ರ ಎಲ್ಲಾ ನೀವು ಹೇಳಿದಂಗ. ಬರಲಿಲ್ಲಂದ್ರ ಮುಂದ ಈ ಮಾತ ತಗೀಬ್ಯಾಡ್ರಿ."

ಜಮಖಂಡಿಯ ಬಸ್ಸು ಹತ್ತಿದೆ. ಗೌಡಸಾನಿ ನನ್ನನ್ನು ಕಂಡವರೇ, "ಇನ್ನೂ ನಾಟಕಾ ಮಾಡಾಕತ್ತೀರೇನ್ರೀ ಮಾಸ್ತರ?" ಎಂದು ಕಣ್ಣು ಒರೆಸಿಕೊಂಡರು. ಕುರ್ಚಿ ಮಾಳಿಗೆಯ ಕೋಣೆಯಲ್ಲಿತ್ತು. ಮನೆ ಕಟ್ಟುವಾಗ ಹಗ್ಗ ಕಟ್ಟಿ ಮೇಲೆಳೆದದ್ದು. ಆಮೇಲೆ ಕಿಟಕಿಗೆ ಗ್ರಿಲ್ಲು ಬಂತು, ಮೆಟ್ಟಿಲು ನಡುವೆ ತಿರುವು ತೆಗೆದುಕೊಂಡಿತು. ಮಗ, ನಾನು ಇಬ್ಬರೂ ಹಿಂದೆ ಮುಂದೆ ಮಾಡಿ ನೋಡಿದೆವು, ತಿರುವಿನಲ್ಲಿ ಸಿಕ್ಕಿಕೊಂಡಿತು. "ನೀವು ನಡೀರಿ, ನಾ ಹೆಂಗರ ಮಾಡಿ ಕಳಸ್ತೇನಿ" ಎಂದರು ಗೌಡಸಾನಿ. ಹಿಗ್ಗಿನಲ್ಲಿ ನಾನು ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವನಿಗೂ ಕುರ್ಚಿಯ ಕತೆ ಹೇಳಿದೆ.

ಟೆಂಪೋ ಬಂತು. ಕುರ್ಚಿ ಗೋಣಿಚೀಲದಲ್ಲಿತ್ತು.

ಬಡಿಗನನ್ನು ಕರೆಸಿ ಅವರು ಕುರ್ಚಿಯ ನಾಲ್ಕೂ ಕಾಲು, ಎರಡೂ ಕೈ ಕೊಯ್ಯಿಸಿದ್ದರು. ಮೆಟ್ಟಿಲು ಇಳಿಯಬೇಕಲ್ಲ! "ಜೋಡಿಸಿದ್ರ ಆತು ಅಂದಾರ್ರೀ ಅವ್ವಾರು" ಎಂದ ಡ್ರೈವರ್. ಊರಿನ ನಾಟಕಕ್ಕೆಂದು ಮಾವನ ಕಾಲದ ಕುರ್ಚಿಯನ್ನೇ ಕೊಯ್ಯಿಸಿದ ಆ ಜೀವದ ಮೇಲೆ ಸಿಟ್ಟು ಮಾಡುವುದು ಹೇಗೆ? ನಾನು ಅತ್ತುಬಿಟ್ಟೆ.

ನಮ್ಮ ಬಡಿಗೇರ ಕಬ್ಬಿಣದ ಪಟ್ಟಿ ಬಡಿದು ನಿಲ್ಲಿಸಿಕೊಟ್ಟ. "ಕೂಡ್ರೂದೇನೋ ಕೂಡ್ರಬಹುದು, ಸಾವಕಾಶ" ಎಂದ. ಆದರೆ ನಮ್ಮ ರಾಜ ಸಾವಕಾಶ ಕೂಡುವವನಲ್ಲ. ನಾಟಕದ ದಿನ ಬೆಳಿಗ್ಗೆ, ಕಡೆಯ ತಾಲೀಮಿನಲ್ಲಿ, ಮಂತ್ರಿಯ ಮೇಲೆ ಗರ್ಜಿಸಿ ದೊಪ್ಪನೆ ಕೂತ. ಹಿಂದಿನ ಕಾಲು ಕಿತ್ತು ಬಂತು. ಮಾರುತಿ ಲಂಕೆಗೆ ಹಾರಿದಂತೆ ಹಾರಿ ಬಿದ್ದವನ ಕೈ ಉಳುಕಿತು. ಯಾರಾದರೂ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಒಬ್ಬರೂ ಬೈಯಲಿಲ್ಲ. ಕಾರ್ಯದರ್ಶಿ ಮೊಬೈಲು ತೆಗೆದು ದೂರ ಹೋಗಿ ಮಾತಾಡಿದ. ಮಧ್ಯಾಹ್ನಕ್ಕೆ ಮುಧೋಳದಿಂದ ಥರ್ಮಾಕೋಲಿನ ಸಿಂಹಾಸನ ಬಂತು, ಎರಡೂ ಕೈಗೆ ಬಂಗಾರದ ಬಣ್ಣದ ಸಿಂಹದ ಮುಖ. ಚಹಾ ಮಾಡುವವರು ಮುರಿದ ತೇಗವನ್ನು ಒಲೆಗೆ ಹಾಕಿದ್ದರು. ಅದು ಗೌಡರ ಕುರ್ಚಿಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ನಾನು ಸಂಘದಲ್ಲಿ ಆ ಮಾತು ತೆಗೆಯಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನೀರು ತುಂಬ ಇಳಿಯಿತು. ಹಳೆಯ ಊರನ್ನು ಒಮ್ಮೆ ನೋಡಬೇಕೆಂದು ಗೌಡಸಾನಿ ಹಟ ಹಿಡಿದರು. ಮಗ ಕಾರು ತಂದ, ನಾನೂ ಹತ್ತಿದೆ. ದಾರಿಯಲ್ಲಿ ಕುರ್ಚಿಯ ಗತಿ ಹೇಳಿದೆ. "ಕೊಯ್ಸಿದಾಕಿ ನಾನಽ ಅಲ್ಲೇನ್ರೀ" ಎಂದರು, ಅಷ್ಟೇ.

ಒಣಗಿ ಬಿರುಕು ಬಿಟ್ಟ ಕೆಸರಿನ ನಡುವೆ ಗುಡಿಯ ಕಟ್ಟೆ ಎದ್ದಿತ್ತು. ಅವರನ್ನು ಕೈ ಹಿಡಿದು ಹತ್ತಿಸಿದೆ. ಕಟ್ಟೆಯ ಮೂಲೆಯಲ್ಲಿ, ಜಾಲಿಯ ಕೊಂಬೆಗೆ ಸಿಕ್ಕಿ, ಏನೋ ಬೆಳ್ಳಗೆ ಕಂಡಿತು. ಗೌಡಸಾನಿ ಬಗ್ಗಿ ಎತ್ತಿಕೊಂಡು ಸೆರಗಿನಿಂದ ಕೆಸರು ಒರೆಸಿದರು. ಬಣ್ಣ ಹೋಗಿದ್ದ ಸಿಂಹದ ಮುಖ. ಒಂದು ಕಿವಿಯಲ್ಲಿ ಬಂಗಾರ ಇನ್ನೂ ಉಳಿದಿತ್ತು. ಹಿಂದೆ ನಾನು ಎತ್ತಿ ಹಿಡಿಯುತ್ತಿದ್ದ ಹಾಗೆಯೇ ಅವರೂ ಎತ್ತಿ ಹಿಡಿದರು.

"ಇದ್ಯಾರ ಮನೀದ್ರೀ ಮಾಸ್ತರ?"

ಸುತ್ತ ನೋಡಿದೆ. ಉತ್ತರ ಕೊಡುವವರು ಬೇರೆ ಯಾರೂ ಇರಲಿಲ್ಲ.

"ನಮ್ಮನೀದ್ರೀ ಅವ್ವಾರ" ಎಂದೆ.

ಹಾಗೆಂದವರು ಒಯ್ಯಬೇಕು. ಒಯ್ದೆ. ಸುಟ್ಟರೆ ಕೆಟ್ಟ ಹೊಗೆ, ಎಸೆದರೆ ಮತ್ತೆ ಹೊಳೆ. ಅದು ನಮ್ಮ ಮನೆಯ ಅಟ್ಟದ ಮೇಲಿದೆ. ಗೌಡಸಾನಿ ತೀರಿಕೊಂಡರು, ನಾನೂ ಹೋಗುತ್ತೇನೆ. ಅದು ಇರುತ್ತದೆ.