ಲಕ್ಕಮ್ಮತ್ತೆಯೂ ಮಣಿಯ ಕಜ್ಜಿಯೂ

ಆಗೆಲ್ಲ ನಮ್ಮ ಕಡೆ ನಾಯಿಗೆ ಕಜ್ಜಿ ಹತ್ತಿದರೆ ಅದನ್ನು ಊರಾಚೆಗೆ ಅಟ್ಟುವುದೊಂದೇ ಗೊತ್ತಿದ್ದ ಔಷಧಿ. ನಾಯಿಗಾಗಿ ಸೊಪ್ಪು ಅರೆಯುವವರು, ಎಣ್ಣೆ ಕಾಯಿಸುವವರು ತಮಿಳುನಾಡಿನ ಚಿನ್ನಮನೂರಿನ ಸುತ್ತಮುತ್ತ ಯಾರೂ ಇರಲಿಲ್ಲ, ನಮ್ಮ ಲಕ್ಕಮ್ಮತ್ತೆಯೊಬ್ಬಳನ್ನು ಬಿಟ್ಟು. ಅರವತ್ತರ ದಶಕದ ನಡುವಿನ ಮಾತಿದು. ನಾನಾಗ ಒಂಬತ್ತು ವರ್ಷದ ಹುಡುಗಿ.

ಅತ್ತೆ ಅಪ್ಪನ ತಂಗಿ. ತೇವಾರಂಗೆ ಮದುವೆಯಾಗಿ ಹೋಗಿದ್ದವಳು, ಗಂಡ ಸತ್ತ ಮೂರನೆಯ ತಿಂಗಳಿಗೆ ಒಂದು ಟ್ರಂಕಿನೊಂದಿಗೆ ಗಾಡಿಯಲ್ಲಿ ತಿರುಗಿ ಬಂದಳು. ಗಾಡಿಯ ಹಿಂದೆ ಅಷ್ಟು ದೂರ ನಡೆದು ಬಂದದ್ದು ಮಣಿ, ಮಾವ ಸಾಕಿದ್ದ ಕಂದು ನಾಯಿ. ಅತ್ತೆ ಬಂದ ಮೇಲೆ ಅಡುಗೆಮನೆ ಅವಳದಾಯಿತು. ಅವಳು ಕಟ್ಟುತ್ತಿದ್ದ ಸಜ್ಜೆ ಮುದ್ದೆ, ಅದರ ಜೊತೆಗಿನ ಕರುವಾಡಿನ, ಅಂದರೆ ಒಣಮೀನಿನ, ಸಾರಿನ ವಾಸನೆಗೆ ನಾವು ಮಕ್ಕಳು ಆಟ ಬಿಟ್ಟು ಓಡಿ ಬರುತ್ತಿದ್ದೆವು. ನನ್ನನ್ನು ಅವಳು ಮುದ್ದಿಗೆ ಕಣ್ಣು ಎಂದೇ ಕರೆಯುತ್ತಿದ್ದಳು.

ಆ ವರ್ಷ ಕುಯ್ಲು ಮುಗಿದು ಬಿಸಿಲು ಏರುವ ಹೊತ್ತಿಗೆ ಮಣಿಯ ಕಿವಿಯಂಚಿನಲ್ಲಿ ಕೂದಲು ಉದುರತೊಡಗಿತು. ಆಮೇಲೆ ಮೊಣಕೈ, ಹೊಟ್ಟೆ. ದಿನವಿಡೀ ಕೆರೆತ. ಅದರ ಹಿಂಗಾಲು ಜಗಲಿಗೆ ಬಡಿಯುವ ಟಪಟಪ ಸದ್ದು ಮನೆಯೊಳಕ್ಕೂ ಕೇಳುತ್ತಿತ್ತು. ಹಸಿ ಗಾಯದ ಹುಳಿವಾಸನೆಗೆ ನೊಣ ಮುತ್ತುತ್ತಿದ್ದವು. ಅತ್ತೆ ಕುಪ್ಪಿಸೊಪ್ಪನ್ನು ಅರಿಶಿನ, ಉಪ್ಪಿನ ಜೊತೆ ಅರೆದು ಬಳಿದಳು. ಹೊಂಗೆಯೆಣ್ಣೆಗೆ ಗಂಧಕ ಹಾಕಿ ಕಾಯಿಸಿ ಸವರಿದಳು. ಕಾಲುವೆಗೆ ಕರೆದೊಯ್ದು ಬೇವಿನ ನೀರಿನಲ್ಲಿ ಉಜ್ಜಿದಳು. ನಾಲ್ಕು ದಿನ ವಾಸಿಯಾದಂತೆ ಕಾಣುವುದು, ಐದನೆಯ ದಿನ ಮತ್ತೆ ಟಪಟಪ.

"ಅಟ್ಬಿಡು ಲಕ್ಕಮ್ಮಾ, ಸೊರಿ ನಾಯ್ನ ಯಾರು ಮನೇಲಿ ಇಕ್ಕೊಂತಾರೆ?" ಅಂದಳು ಅಮ್ಮ. ಕಜ್ಜಿಯನ್ನು ನಾವು ಸೊರಿ ಅನ್ನುತ್ತಿದ್ದೆವು.

"ಅವ್ರು ಕೈಯಾರೆ ಸಾಕಿದ್ದು ಅತ್ಗೆ. ಎಲ್ಲಿ ಅಂತ ಬಿಟ್ಟುಡ್ಲಿ?"

ಒಂದು ತಿಂಗಳಾಗುವಷ್ಟರಲ್ಲಿ ಅತ್ತೆಯ ಮುಂಗೈ ಮೇಲೆ ಕೆಂಪು ಗುಳ್ಳೆಗಳೆದ್ದವು. ಬೆರಳ ಸಂದಿಯಲ್ಲೂ ಬಂದವು. ನಮ್ಮ ಅಕ್ಕನಿಗೆ ಉತ್ತಮಪಾಳಯಂನ ಕಡೆ ಗಂಡು ನೋಡುತ್ತಿದ್ದ ಕಾಲ. ನೀರಿಗೆ ಬಂದ ಪಕ್ಕದ ಮನೆಯವರು ಆ ಕೈ ನೋಡಿ "ದೊಡ್ಡ ರೋಗವೇನೋ" ಅಂದುಬಿಟ್ಟರು, ಕುಷ್ಠವೆಂಬ ಅರ್ಥದಲ್ಲಿ. ಮರುದಿನದಿಂದ ಅಮ್ಮ ಅತ್ತೆಯನ್ನು ಒಲೆಯ ಹತ್ತಿರ ಬಿಡಲಿಲ್ಲ. ಅತ್ತೆಯ ಚಾಪೆ ಕೊಟ್ಟಿಗೆಯ ಪಕ್ಕದ ಚಾವಡಿಗೆ ಹೋಯಿತು.

ನಾನು ಮಾಡಿದ್ದನ್ನೂ ಹೇಳಬೇಕು. ಬೀದಿಯ ಮಕ್ಕಳಿಗೆ ನಾನೊಂದು ಹೊಸ ಆಟ ಕಟ್ಟಿಕೊಟ್ಟೆ. ಒಬ್ಬರು ಲಕ್ಕಮ್ಮತ್ತೆಯಾಗಬೇಕು, ಬೆರಳು ಸೊಟ್ಟ ಮಾಡಿಕೊಂಡು ಅಟ್ಟಿಸಿಕೊಂಡು ಬರಬೇಕು, ಮುಟ್ಟಿಸಿಕೊಂಡವರಿಗೆ ಸೊರಿ. ಒಂದು ಸಂಜೆ ನಾನೇ ಅತ್ತೆಯಾಗಿ, ಹಳೇ ಸೀರೆತುಂಡೊಂದನ್ನು ಅವಳ ಹಾಗೆಯೇ ಸೆರಗಾಗಿ ಸಿಕ್ಕಿಸಿಕೊಂಡು, ಕಿರುಚುತ್ತ ಓಡುತ್ತಿದ್ದೆ. ಎಲ್ಲರೂ ಥಟ್ಟನೆ ನಿಂತರು. ತಿರುಗಿ ನೋಡಿದರೆ ಎಣ್ಣೆ ಬಟ್ಟಲು ಹಿಡಿದು ಅತ್ತೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಮೆಲ್ಲಗೆ ಓಡು ಕಣ್ಣು, ಬಿದ್ದೀಯ," ಅಂದಳು. ಅಷ್ಟೇ ಅಂದು ಮಣಿಯ ಹತ್ತಿರ ಹೋಗಿ ಕೂತಳು.

ಮರುದಿನ ಅವಳು ಮಣಿಯನ್ನು ಹಗ್ಗ ಕಟ್ಟಿ ಉತ್ತಮಪಾಳಯಂನ ದನದ ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ನಾನು ಯಾರಿಗೂ ಹೇಳದೆ, ಅತ್ತೆಗೂ ಕಾಣದಂತೆ ಹಿಂದೆಯೇ ಹೋಗಿ ಬಾಗಿಲ ಮರೆಯಲ್ಲಿ ನಿಂತೆ. ಕಾಂಪೌಂಡರು ನಾಯಿಯನ್ನೂ ಅತ್ತೆಯ ಕೈಯನ್ನೂ ನೋಡಿ, "ಭಯಪ್ಪಡಾದೀಂಗಮ್ಮಾ, ವೆರುಂ ಸೊರಿದಾನ್," ಎಂದು ನಕ್ಕರು. ಹೆದರಬೇಡಿ, ಬರೀ ಕಜ್ಜಿ. ನಾಯಿಯಿಂದ ಬಂದದ್ದು, ತಾನಾಗಿ ಹೋಗುತ್ತದೆ. ನಾಯಿಗೆ ಹಾಲಿನಂಥ ಬಿಳಿ ಔಷಧಿಯೊಂದನ್ನು ಸೀಸೆಗೆ ಹಾಕಿಕೊಟ್ಟರು. ದಾರಿಯುದ್ದಕ್ಕೂ ಅತ್ತೆ ಬೇಗ ಬೇಗ ಹೆಜ್ಜೆ ಹಾಕಿದಳು, ಮನೆಗೆ ಶುಭಸುದ್ದಿ ಒಯ್ಯುವವಳ ಹಾಗೆ.

ಅಮ್ಮ ಆ ಸುದ್ದಿಯನ್ನು ನಂಬಲಿಲ್ಲ. ಆದರೆ ಕಾಂಪೌಂಡರು ಹೇಳಿದಂತೆಯೇ ಅತ್ತೆಯ ಕೈ ಕೆಲವೇ ದಿನಗಳಲ್ಲಿ ತಿಳಿಯಾಯಿತು. ಅತ್ತೆ ಎರಡೂ ಕೈ ಚಾಚಿ ಅಮ್ಮನ ಮುಂದೆ ನಿಂತಳು. ಅಮ್ಮ ಹಿಂದೆ ಸರಿದು, "ಮೇಲೆ ಹೋದ್ರೆ ಆಯ್ತಾ? ಒಳಗೆ ಇರ್ತದೆ," ಅಂದಳು. ಆಸ್ಪತ್ರೆಯವರು ಹೇಳಿದ್ದನ್ನು ನಾನೂ ಕೇಳಿದ್ದೆ. ನಾನೊಂದು ಮಾತು ಆಡಬಹುದಿತ್ತು. ಹೇಳದೆ ಹೋಗಿದ್ದಕ್ಕೆ ಏಟು ಬೀಳುತ್ತದೆಂದು ಬಾಯಿ ಬಿಡಲಿಲ್ಲ.

ಮಣಿಯ ಕಿವಿಯಲ್ಲಿ ಮಾತ್ರ ಇನ್ನೂ ಕೆರೆತವಿತ್ತು. ಅಪ್ಪ ಕೊನೆಗೆ ಬಾಯಿ ತೆರೆದ. "ನಾಳೆ ದಿಂಡುಕ್ಕಲ್ಗೆ ಬಾಳೆಕಾಯಿ ಲಾರಿ ಹೋಗ್ತದೆ. ಅದ್ರಲ್ಲಿ ಏರ್ಸಿ ಅಲ್ಲೇ ಬಿಟ್ಟುಡೋಣ."

ಅತ್ತೆ ಅಣ್ಣನ ಮುಖವನ್ನೇ ನೋಡಿದಳು. "ನಾಯಿ ಒಂದೇ ಹೋದ್ರೆ ಸಾಕಾ ಅಣ್ಣಾ? ನಾನೂ ಹೋಯ್ತೀನಿ."

ಯಾರೂ ಬೇಡ ಅನ್ನಲಿಲ್ಲ. ಬೆಳಿಗ್ಗೆ ಅವಳು ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು, ಮಣಿಯ ಹಗ್ಗ ಹಿಡಿದು, ತೇವಾರಂನ ದಾರಿ ಹಿಡಿದಳು. ಅಲ್ಲಿ ಮೈದುನರು ದನದ ಕೊಟ್ಟಿಗೆಯ ಒಂದು ಮೂಲೆ ಕೊಟ್ಟರಂತೆ.

ಶ್ರಾವಣದ ಹೊತ್ತಿಗೆ ಬರುವ ಆವಣಿ ತಿಂಗಳಲ್ಲಿ ಅಕ್ಕನ ಮದುವೆಗೆ ಅವಳು ಬಂದಳು. ಚಪ್ಪರದೊಳಗೆ ಬರಲಿಲ್ಲ. ಆಚೆ ಬೇವಿನ ಮರದ ಕೆಳಗೆ, ತಾನೇ ತಂದಿದ್ದ ತಟ್ಟೆ ಲೋಟ ಇಟ್ಟುಕೊಂಡು ಕೂತಿದ್ದಳು. ನಾನು ಹತ್ತಿರ ಹೋದೆ.

"ಮಣಿ ಎಲ್ಲಿ ಅತ್ತೆ?"

"ಹೋದ್ವಾರ ಹೋಯ್ತು ಕಣ್ಣು. ಅದ್ಕೂ ವಯ್ಸಾಗಿತ್ತು." ಲೋಟವನ್ನು ಬದಿಗೆ ಸರಿಸಿ ಹೇಳಿದಳು: "ಸೊರಿ ಪೂರಾ ಹೋಗಿತ್ತು. ಮೈತುಂಬ ಹೊಸ ಕೂದ್ಲು ಬಂದಿತ್ತು. ನೀನು ನೋಡ್ಬೇಕಿತ್ತು."

ಒಳಗಿನಿಂದ ಅಮ್ಮ ಕೂಗಿದಳು. ನಾನು ಓಡಿಹೋದೆ. ಎರಡು ವರ್ಷದ ಮೇಲೆ ಅತ್ತೆ ಸತ್ತಳು. ಮಣ್ಣು ಮಾಡಿದ ಮೇಲೆ ನಮಗೆ ಸುದ್ದಿ ಬಂತು.

ಈಗ ತೇನಿಯಲ್ಲಿ ಮಗನ ಮನೆಯ ನಾಯಿಗೆ ಕಜ್ಜಿ ಬಂದರೆ ಒಂದು ಮಾತ್ರೆ ಕೊಡುತ್ತಾರೆ, ತಿಂಗಳೊಳಗೆ ವಾಸಿ. ಅದಕ್ಕಾಗಿ ಯಾರನ್ನೂ ಮನೆಯಿಂದ ಕಳಿಸಬೇಕಾಗಿಲ್ಲ. ಅತ್ತೆಯನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಆ ಆಟ ಕಟ್ಟಿದವಳು ನಾನು, ಆಸ್ಪತ್ರೆಯ ಮಾತು ನುಂಗಿಕೊಂಡವಳೂ ನಾನು ಎಂದು ಅವಳ ಮುಂದೆ ಹೇಳಲು ಬಾಯಿ ಬರಲಿಲ್ಲ. ಮೊನ್ನೆ ಮೊಮ್ಮಗಳ ಮುಂದೆ ನಮ್ಮ ಮನೆಮಾತಾದ ಕನ್ನಡದಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಮನೆಯಲ್ಲಿ ಯಾರೂ ಎತ್ತದ ಆ ಹೆಸರು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಕೊನೆಯವರೆಗೂ ಕೇಳಿಸಿಕೊಂಡು ಅಜ್ಜಿಯಾದ ನನ್ನನ್ನು ತಮಿಳಿನಲ್ಲಿ ಕೇಳಿದಳು:

"ಯಾರು ಪಾಟ್ಟಿ ಅದು, ಲಕ್ಕಮ್ಮಾ?"